ಟ್ಯಾಂಕಿನ ತಳದಲ್ಲಿ ಏನಿದೆ?

ಯೌವನಸ್ಥರ ಕೂಟ, ಯಶವಂತನಗರ. ಶನಿವಾರ ಸಂಜೆಯ ಸಂದೇಶದ ಬರಹರೂಪ.
ಓದುವ ಭಾಗ: ಪ್ರಸಂಗಿ 10:1, 2 ಅರಸುಗಳು 2:19-22, ಕೀರ್ತನೆ 139:23-24, ಯೋಹಾನ 21:15-17

  ಹೊಸಪೇಟೆಯಿಂದ, ಬಳ್ಳಾರಿಯಿಂದ, ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದೀರಿ. ಅದಿರು ಲಾರಿಗಳ ಹಿಂದೆ ಬೈಕಿನಲ್ಲಿ ಬಂದವರು ಯಾರು ಅಂತ ಅಂಗಿ ನೋಡಿದ್ರೇ ಗೊತ್ತಾಗ್ತದೆ. ಪರವಾಗಿಲ್ಲ, ಸಂಡೂರಿನ ಕೆಂಪು ಧೂಳು ಒಗೆದ್ರೆ ಹೋಗ್ತದೆ. ಈ ಸಂಜೆ ನಾವು ಮಾತಾಡೋದು ಹೊರಗೆ ಕಾಣದ, ಒಗೆದ್ರೂ ಹೋಗದ ಕೊಳೆಯ ಬಗ್ಗೆ.

ಮೊದಲು ನನ್ನ ಬೈಕಿನ ಕಥೆ ಕೇಳ್ರಿ. ಕೆಲವು ವರ್ಷದ ಹಿಂದೆ, ಮಳೆಗಾಲದಲ್ಲಿ, ಒಂದು ಪ್ರಾರ್ಥನಾ ಕೂಟಕ್ಕೆ ಹೊಸಪೇಟೆಯಿಂದ ಸಂಡೂರಿಗೆ ಹೊರಟಿದ್ದೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದೆ. ಗಾಡಿ ಚೆನ್ನಾಗೇ ಸ್ಟಾರ್ಟ್ ಆಯ್ತು, ಮೂರ್ನಾಲ್ಕು ಕಿಲೋಮೀಟರ್ ಓಡಿತು. ಏರು ಬಂತು. ಆಕ್ಸಿಲರೇಟರ್ ತಿರುವಿದೆ ನೋಡ್ರಿ, ಕೆಮ್ಮಿ ಕೆಮ್ಮಿ ನಿಂತೇ ಹೋಯ್ತು. ನಾನು ಅಲ್ಲೇ ಪ್ಲಗ್‌ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಸ್ಟಾರ್ಟ್ ಆಗಲಿಲ್ಲ. ತಳ್ಳಿಕೊಂಡು ಮೆಕ್ಯಾನಿಕ್ ಹತ್ರ ಹೋದೆ. ಆ ಹುಡುಗ ಕಾರ್ಬುರೇಟರ್ ಕೆಳಗಿನ ಸ್ಕ್ರೂ ಸಡಿಲ ಮಾಡಿ, ಒಳಗಿದ್ದದ್ದನ್ನ ಒಂದು ಖಾಲಿ ನೀರಿನ ಬಾಟ್ಲಿಗೆ ಇಳಿಸಿ, ಬೆಳಕಿಗೆ ಹಿಡಿದ. ಮೇಲೆ ಪೆಟ್ರೋಲು, ತಳದಲ್ಲಿ ನೀರು. ನಡುವೆ ಗೆರೆ ಎಳೆದ ಹಾಗೆ. ಅವನು ಅಂದ, "ಗಾಡಿ ಚಲೋ ಐತಿ ಅಣ್ಣಾ, ಹೊಟ್ಟಿಗೆ ಹಾಕಿದ್ದು ಸರಿ ಇಲ್ಲ."

ಆ ಮಾತು ಇವತ್ತಿಗೂ ನನ್ನನ್ನ ಬಿಟ್ಟಿಲ್ಲ.

ಬೈಕು ನಿಂತರೆ ರಸ್ತೆ ಪಕ್ಕಕ್ಕೆ ತಳ್ಳಬಹುದು. ವಿಮಾನ ನಿಂತರೆ? ಇಲ್ಲೇ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಏಳುವ ಸಣ್ಣ ವಿಮಾನಗಳನ್ನ ನೀವು ನೋಡಿರ್ತೀರಿ. ಆಕಾಶದಲ್ಲಿ ರಸ್ತೆ ಪಕ್ಕ ಅನ್ನೋದೇ ಇಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ಎರಡು ಸೀಟಿನ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊಲದಲ್ಲೇ ಇಳಿಯಬೇಕಾಯ್ತು. ಒಳಗಿದ್ದ ಇಬ್ಬರೂ ಬದುಕಿದರು, ದೇವರಿಗೆ ಸ್ತೋತ್ರ. ಸಣ್ಣ ವಿಮಾನದ ಎಂಜಿನ್ ಕೈಕೊಡೋದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಬಹಳ ಹಳೇದು, ಬಹಳ ಸರಳ: ಇಂಧನದಲ್ಲಿ ಸೇರಬಾರದ್ದು ಸೇರಿರೋದು. ಈ ಸಂಜೆ ಅದೊಂದನ್ನೇ ಹಿಡಿದು ವಾಕ್ಯದ ಒಳಗೆ ಹೋಗೋಣ.

ಭಾರವಾದದ್ದು ತಳದಲ್ಲಿ ಕೂರ್ತದೆ

ಸಣ್ಣ ಪಿಸ್ಟನ್ ವಿಮಾನಗಳಿಗೆ ಹಾಕೋದು ಏವ್‌ಗ್ಯಾಸ್ ಅನ್ನೋ ವಿಮಾನದ ಪೆಟ್ರೋಲು. ಹೆಚ್ಚಾಗಿ ಬಳಸುವ ಜಾತಿಗೆ 100 ಎಲ್‌ಎಲ್ ಅಂತಾರೆ. ಅದಕ್ಕೆ ತಿಳಿನೀಲಿ ಬಣ್ಣ ಬೆರೆಸಿರ್ತಾರೆ, ಗುರುತು ಸಿಗಲಿ ಅಂತ. ನೀರು ಅದಕ್ಕಿಂತ ಭಾರ, ಹಾಗಾಗಿ ತಳಕ್ಕೆ ಇಳಿದು ಕೂರ್ತದೆ. ಎಂಜಿನ್ನಿಗೆ ಹೋಗುವ ಪೈಪು ಹೊರಡೋದೂ ತಳದ ಕಡೆಯಿಂದಲೇ.

ನೀರು ಎಲ್ಲಿಂದ ಬರ್ತದೆ? ಮುಚ್ಚಳ ಸಡಿಲ ಇದ್ರೆ ಮಳೆಯಿಂದ. ಇನ್ನೊಂದು ದಾರಿಯೂ ಇದೆ. ಅರ್ಧ ಖಾಲಿ ಟ್ಯಾಂಕನ್ನ ರಾತ್ರಿ ಹಾಗೇ ಬಿಟ್ರೆ, ಖಾಲಿ ಜಾಗದಲ್ಲಿ ತೇವದ ಗಾಳಿ ತುಂಬ್ತದೆ. ರಾತ್ರಿ ತಂಪಾದಾಗ ಆ ತೇವ ಹನಿಯಾಗಿ ಗೋಡೆ ಹಿಡಿದು ಇಳೀತದೆ. ಯಾರೂ ಬಂದು ನೀರು ಸುರಿಯಲಿಲ್ಲ. ಖಾಲಿ ಬಿಟ್ಟಿದ್ದೇ ಸಾಕಾಯ್ತು. ಅದಕ್ಕೇ ಎಷ್ಟೋ ಕಡೆ ದಿನದ ಕೊನೆಯ ಹಾರಾಟ ಮುಗಿದ ಕೂಡಲೇ ಟ್ಯಾಂಕ್ ಪೂರ್ತಿ ತುಂಬಿಸಿ ಇಡ್ತಾರೆ.

ಮತ್ತಾಯ 12ರಲ್ಲಿ ಯೇಸು ಸ್ವಾಮಿ ಗುಡಿಸಿ ಅಲಂಕರಿಸಿದ ಖಾಲಿ ಮನೆಯ ಬಗ್ಗೆ ಹೇಳಿದ್ದು ನೆನಪಿದೆಯಾ? ಹೊರಟು ಹೋದ ದುರಾತ್ಮ ವಾಪಸ್ ಬಂದು ನೋಡ್ತದೆ, ಮನೆ ಕ್ಲೀನಾಗಿದೆ, ಆದ್ರೆ ಒಳಗೆ ಯಾರೂ ಇಲ್ಲ. ಯೌವನಸ್ಥರೇ, ನಮ್ಮಲ್ಲಿ ಬಹಳ ಜನ ಕೆಟ್ಟದ್ದನ್ನ ಹುಡುಕಿಕೊಂಡು ಹೋದವರಲ್ಲ. ಖಾಲಿ ಇದ್ದವರು. ಪಿಜಿ ರೂಮು, ರಾತ್ರಿ ಹನ್ನೊಂದೂವರೆ, ಕೈಯಲ್ಲಿ ಮೊಬೈಲು, ಮನಸ್ಸಿನಲ್ಲಿ ಏನೂ ಇಲ್ಲ. ಹನಿ ಹನಿಯಾಗಿ ಇಳೀತದೆ. ಬೆಳಿಗ್ಗೆ ಎದ್ದಾಗ ಟ್ಯಾಂಕ್ ನೋಡೋಕೆ ನಿನ್ನೆ ಥರಾನೇ ಇರ್ತದೆ.

ಹಾರುವ ಮುಂಚೆ ತಳ ನೋಡಬೇಕು

ಅದಕ್ಕೇ ಪೈಲಟ್‌ಗೆ ಮೊದಲ ದಿನದಿಂದಲೇ ಒಂದು ಅಭ್ಯಾಸ ಕಲಿಸ್ತಾರೆ. ಹತ್ತುವ ಮುಂಚೆ, ರೆಕ್ಕೆಯ ಕೆಳಗೆ ಬಗ್ಗಿ, ಡ್ರೈನ್ ಅನ್ನೋ ಸಣ್ಣ ಕಿಂಡಿಯಿಂದ ಸ್ವಲ್ಪ ಇಂಧನ ಪಾರದರ್ಶಕ ಲೋಟಕ್ಕೆ ಇಳಿಸಿ, ಬೆಳಕಿಗೆ ಹಿಡಿದು ನೋಡಬೇಕು. ಸೆಸ್ನಾ 172 ಎಸ್ ಅನ್ನೋ ನಾಲ್ಕು ಸೀಟಿನ ಸಣ್ಣ ವಿಮಾನದಲ್ಲಿ ಇಂಥ ಕಿಂಡಿಗಳು ಒಟ್ಟು 13: ಒಂದೊಂದು ರೆಕ್ಕೆಗೆ ಐದೈದು, ಹೊಟ್ಟೆಯ ಕೆಳಗೆ ಮೂರು. ಹದಿಮೂರೂ ನೋಡಬೇಕು. ಹನ್ನೆರಡು ನೋಡಿ "ಸಾಕು ಬಿಡಪ್ಪಾ" ಅಂದವನಿಗೆ ಹದಿಮೂರನೇದರಲ್ಲಿ ಏನಿದೆ ಅಂತ ಗೊತ್ತಿರೋದಿಲ್ಲ.

ಇನ್ನೊಂದು ಮಾತು ಗಮನ ಕೊಟ್ಟು ಕೇಳ್ರಿ. ಲೋಟದಲ್ಲಿ ಸ್ವಲ್ಪ ನೀರು, ಸ್ವಲ್ಪ ಇಂಧನ ಇದ್ರೆ ನಡುವೆ ಗೆರೆ ಕಾಣ್ತದೆ. ಆದ್ರೆ ಲೋಟದ ತುಂಬ ಬರೀ ನೀರೇ ಬಂದ್ರೆ? ಗೆರೆಯೇ ಇರೋದಿಲ್ಲ! ಸ್ವಚ್ಛವಾಗಿ, ಸುಂದರವಾಗಿ ಕಾಣ್ತದೆ. ಅವಸರದಲ್ಲಿರುವ ಪೈಲಟ್ "ಕ್ಲಿಯರ್ ಇದೆ" ಅಂತ ಹೊರಟು ಬಿಡ್ತಾನೆ. ಅದಕ್ಕೇ ಕ್ಲಿಯರ್ ಇದೆಯಾ ಅಂತ ಮಾತ್ರ ನೋಡಬಾರದು. ಬಣ್ಣ ನೋಡಬೇಕು, ವಾಸನೆ ನೋಡಬೇಕು. ನೀಲಿ ಇದೆಯಾ? ಪೆಟ್ರೋಲ್ ವಾಸನೆ ಇದೆಯಾ?

ಪ್ರಿಯರೇ, ಅರ್ಧ ಲೋಕ, ಅರ್ಧ ಕ್ರಿಸ್ತ ಇರುವವನಿಗೆ ಒಳಗೆ ಗೆರೆ ಚುಚ್ತದೆ. ಭಾನುವಾರ ಅಳ್ತಾನೆ. ಪೂರ್ತಿ ಲೋಕವೇ ತುಂಬಿದವನಿಗೆ ಏನೂ ಅನ್ನಿಸೋದಿಲ್ಲ. "ನನಗೆ ಸಮಾಧಾನ ಇದೆ ಪಾಸ್ಟರ್" ಅಂತಾನೆ. ಗೆರೆ ಇಲ್ಲ ಅಂದ ಮಾತ್ರಕ್ಕೆ ಶುದ್ಧ ಅಂತ ಅಲ್ಲ. ಯಾವ ಬಣ್ಣದ ಜೊತೆ ಹೋಲಿಸ್ತಾ ಇದ್ದೀ? ಗೆಳೆಯರ ಜೊತೆಯಾ, ಇನ್‌ಸ್ಟಾಗ್ರಾಮ್ ಜೊತೆಯಾ, ದೇವರ ವಾಕ್ಯದ ಜೊತೆಯಾ? ಕೀರ್ತನೆ 139ರ ಕೊನೆಯಲ್ಲಿ ದಾವೀದ ತನ್ನನ್ನ ತಾನೇ ಪರೀಕ್ಷೆ ಮಾಡಿಕೊಂಡು ಪಾಸ್ ಮಾಡಿಕೊಳ್ಳೋದಿಲ್ಲ. ದೇವರನ್ನೇ ಕರೆದು, ನನ್ನ ಹೃದಯ ಶೋಧಿಸು, ತಪ್ಪು ದಾರಿಯ ಗುರುತು ನನ್ನಲ್ಲಿದೆಯೋ ನೋಡು ಅಂತ ಬೇಡ್ತಾನೆ. ಲೋಟ ಹಿಡಿಯುವ ಕೈ ಪವಿತ್ರಾತ್ಮನದ್ದಾಗಿರಲಿ. ಆಮೆನ್?

ನಿಲ್ಲೋದು ಏರುವಾಗ

ಇಂಧನ ಕೆಟ್ಟಿದ್ರೂ ವಿಮಾನ ಯಾಕೆ ಸ್ಟಾರ್ಟ್ ಆಗ್ತದೆ? ಪೈಪಿನಲ್ಲಿ, ಕಾರ್ಬುರೇಟರಿನಲ್ಲಿ ನಿನ್ನೆಯ ಒಳ್ಳೆ ಇಂಧನ ಸ್ವಲ್ಪ ಉಳಿದಿರ್ತದೆ. ಅದರ ಮೇಲೆ ರನ್‌ವೇ ತನಕ ಉರುಳಿಕೊಂಡು ಹೋಗ್ತದೆ. ಎಂಜಿನ್ ಪರೀಕ್ಷೆಯೂ ಪಾಸ್ ಆಗಬಹುದು. ಆಮೇಲೆ ಪೂರ್ತಿ ಶಕ್ತಿ ಕೊಟ್ಟು ಏರುವಾಗ ಕೆಟ್ಟದ್ದು ಎಂಜಿನ್ನಿಗೆ ತಲುಪ್ತದೆ. ಎತ್ತರ ಇಲ್ಲ, ಸಮಯ ಇಲ್ಲ. ಅಲ್ಲೇ ಕೆಮ್ಮೋದು.

ನಿನ್ನೆಯ ಅಭಿಷೇಕದ ಮೇಲೆ ಇವತ್ತು ಹಾಡಬಹುದು. ಅಮ್ಮನ ಪ್ರಾರ್ಥನೆಯ ಮೇಲೆ ಡಿಗ್ರಿ ಮುಗಿಸಬಹುದು. ಅನ್ಯಭಾಷೆಯಲ್ಲೂ ಮಾತಾಡಬಹುದು, ಸ್ಟೇಜ್ ಮೇಲೆ ನಿಲ್ಲಲೂಬಹುದು. ಪೈಪಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆಯಲ್ಲ! ಆದ್ರೆ ದೇವರು ನಿನ್ನನ್ನ ಎತ್ತಲು ಶುರು ಮಾಡಿದ ದಿನ, ಕೆಲಸದಲ್ಲಿ ಭಾರ ಬಂದ ದಿನ, ಮದುವೆಯಾದ ದಿನ, ಸೇವೆ ಕೈಗೆ ಬಂದ ದಿನ, ತಳದಲ್ಲಿರೋದು ಮೇಲೆ ಬರ್ತದೆ. ಅದಕ್ಕೇ ಹೇಳ್ತೀನಿ, ನೆಲದ ಮೇಲಿರುವಾಗಲೇ ಲೋಟ ಹಿಡೀರಿ.

ಅಕಸ್ಮಾತ್ ಆಗಲೇ ನಿಂತು ಹೋಗಿದ್ರೆ? ಪೈಲಟ್‌ಗೆ ಅದಕ್ಕೂ ಪಾಠ ಇದೆ. ಎಂಜಿನ್ ನಿಂತಾಗ ಮನುಷ್ಯನ ಕೈ ತಾನಾಗೇ ಮೂಗು ಮೇಲೆತ್ತಲು ನೋಡ್ತದೆ, ಎತ್ತರ ಉಳಿಸಿಕೊಳ್ಳೋಣ ಅಂತ. ಹಾಗೆ ಮಾಡಿದ್ರೆ ವೇಗ ಸತ್ತು, ರೆಕ್ಕೆಗೆ ಗಾಳಿಯ ಆಸರೆ ತಪ್ಪಿ, ವಿಮಾನ ಕಲ್ಲಿನ ಹಾಗೆ ಬೀಳ್ತದೆ. ನಿಯಮ ಉಲ್ಟಾ ಇದೆ: ತಕ್ಷಣ ಮೂಗು ತಗ್ಗಿಸು. ಆಗ ವಿಮಾನ ತೇಲ್ತದೆ. ಸೆಸ್ನಾ 172 ಸರಿಯಾದ ವೇಗದಲ್ಲಿ ತನ್ನ ಎತ್ತರದ ಸುಮಾರು 9 ಪಟ್ಟು ದೂರ ಎಂಜಿನ್ ಇಲ್ಲದೇ ತೇಲಬಲ್ಲದು. ಇನ್ನೊಂದು ನಿಯಮ: ಕಡಿಮೆ ಎತ್ತರದಲ್ಲಿ ರನ್‌ವೇ ಕಡೆ ವಾಪಸ್ ತಿರುಗಬೇಡ, ಮುಂದೆ ಸಿಕ್ಕ ಹೊಲದಲ್ಲಿ ಇಳಿ. ವಿಮಾನ ಜಖಂ ಆದ್ರೂ ಪರವಾಗಿಲ್ಲ, ಜೀವ ಉಳಿಯಲಿ. ಎಷ್ಟೋ ಜನ ಸತ್ತದ್ದು ಎಂಜಿನ್ ನಿಂತದ್ದರಿಂದ ಅಲ್ಲ, ಏನೂ ಆಗಿಲ್ಲ ಅನ್ನೋ ಹಾಗೆ ತಿರುಗಲು ಹೋಗಿ.

ಬಿದ್ದಾಗ ಮೂಗು ಮೇಲೆತ್ತಬೇಡ್ರಿ. ನೆಪ ಹೇಳಬೇಡ್ರಿ. ತಗ್ಗಿಸಿಕೊಂಡವರಿಗೆ ದೇವರು ಕೃಪೆ ಕೊಡ್ತಾನೆ ಅಂತ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಇದೆ. ಮರ್ಯಾದೆಗೆ ಸ್ವಲ್ಪ ಜಖಂ ಆಗಲಿ ಬಿಡ್ರಿ. ಜೀವ ಉಳೀತದೆ.

ಕಾಪಾಡಲು ಹಾಕಿದ್ದೇ ಕೆಡಿಸಿದಾಗ

1999ರ ಕೊನೆಗೆ ಆಸ್ಟ್ರೇಲಿಯಾದಲ್ಲಿ ಒಂದು ವಿಚಿತ್ರ ನಡೆಯಿತು. ಸಣ್ಣ ವಿಮಾನಗಳ ಇಂಧನ ವ್ಯವಸ್ಥೆಯಲ್ಲಿ ಕಪ್ಪು ಅಂಟು ಕಾಣಿಸಿಕೊಂಡಿತು. ಹುಡುಕಿದಾಗ ತಪ್ಪು ಮೆಲ್ಬರ್ನ್ ಹತ್ತಿರದ ಆಲ್ಟೋನಾದ ಒಂದು ರಿಫೈನರಿಯಲ್ಲಿ ತಯಾರಾದ ಏವ್‌ಗ್ಯಾಸ್‌ನಲ್ಲಿತ್ತು. ರಿಫೈನರಿಯ ಪೈಪುಗಳು ತುಕ್ಕು ಹಿಡಿಯದಿರಲಿ ಅಂತ ಬಳಸುವ ಎಥಿಲೀನ್ ಡೈಅಮೀನ್ ಅನ್ನೋ ರಾಸಾಯನಿಕ ಅತಿ ಸ್ವಲ್ಪ ಪ್ರಮಾಣದಲ್ಲಿ ಇಂಧನದಲ್ಲೇ ಉಳಿದುಬಿಟ್ಟಿತ್ತು. ವಿಮಾನದೊಳಗಿನ ಹಿತ್ತಾಳೆಯ ಭಾಗಗಳಿಗೆ ತಗುಲಿ ಅಂಟಾಗುತ್ತಿತ್ತು. 2000ದ ಜನವರಿಯಲ್ಲಿ ಸಾವಿರಾರು ವಿಮಾನಗಳು ನೆಲದಲ್ಲೇ ನಿಂತವು. ಸತ್ತ ನೊಣಗಳು ಬಿದ್ದರೆ ಗಂಧಿಗನ ಸುಗಂಧ ತೈಲವೂ ನಾರುತ್ತದೆ ಅನ್ನೋ ಅರ್ಥದ ಮಾತು ಪ್ರಸಂಗಿ 10:1ರಲ್ಲಿದೆ. ನೊಣ ಎಷ್ಟು ಸಣ್ಣದು! ಆದ್ರೆ ಇಲ್ಲಿ ಬಿದ್ದದ್ದು ನೊಣವೂ ಅಲ್ಲ, ಔಷಧಿ. ಕಾಪಾಡಲು ಹಾಕಿದ್ದು ತನ್ನ ಜಾಗ ಬಿಟ್ಟು ಬೇರೆ ಕಡೆ ಸೇರಿ ವಿಷ ಆಯ್ತು.

ಇದನ್ನ ಓದಿದ ದಿನ ಪವಿತ್ರಾತ್ಮನು ನನ್ನ ಟ್ಯಾಂಕಿನ ಕೆಳಗೆ ಲೋಟ ಹಿಡಿದ. ಇಲ್ಲಿ ತನಕ ನಿಮಗೆ ಹೇಳಿದೆ. ಈಗ ನನ್ನದು ಹೇಳಬೇಕು.

ಎರಡು ವರ್ಷದ ಹಿಂದೆ ನಮ್ಮ ಸಭೆಯಲ್ಲಿ ಒಬ್ಬ ತಮ್ಮ ಇದ್ದ. ಅವನನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ. ಕೀಬೋರ್ಡ್ ನುಡಿಸ್ತಿದ್ದ, ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸ್ತಿದ್ದ. ಮೊಬೈಲಿನಲ್ಲಿ ದುಡ್ಡಿಟ್ಟು ಆಡುವ ಆಟಕ್ಕೆ ಬಿದ್ದ. ಸಾಲ ಆಯ್ತು. ಒಂದು ರಾತ್ರಿ ತಾನಾಗೇ ನಮ್ಮ ಮನೆ ಬಾಗಿಲಿಗೆ ಬಂದು, "ಅಣ್ಣಾ, ಕಾಣಿಕೆ ದುಡ್ಡಿನಿಂದ 4,500 ತಗೊಂಡೀನಿ" ಅಂದ. ಯಾರೂ ಹಿಡಿದಿರಲಿಲ್ಲ. ಅವನೇ ಮೂಗು ತಗ್ಗಿಸಿಕೊಂಡು ಬಂದಿದ್ದ. ನಾನೇನು ಮಾಡಿದೆ? "ಬೀಗದ ಕೈ ಕೊಡು" ಅಂದೆ. ಊಟ ಆಯ್ತಾ ಅಂತ ಕೇಳಲಿಲ್ಲ. ಕೂತ್ಕೋ ಅನ್ನಲಿಲ್ಲ. ಕೀಬೋರ್ಡ್ ಬಿಡಿಸಿದೆ, ಕಾಣಿಕೆ ಬಿಡಿಸಿದೆ. ಮೂರು ತಿಂಗಳಲ್ಲಿ ಪೂರ್ತಿ ದುಡ್ಡು ಹಿರಿಯರೊಬ್ಬರ ಕೈಯಲ್ಲಿ ಕಳಿಸಿದ. ದುಡ್ಡು ವಾಪಸ್ ಬಂತು. ಹುಡುಗ ಬರಲಿಲ್ಲ.

ಸಭೆಯ ಪರಿಶುದ್ಧತೆ ಕಾಪಾಡಿದೆ ಅಂತ ನಾನು ಅಂದುಕೊಂಡಿದ್ದೆ. ತಳದಲ್ಲಿ ಇದ್ದದ್ದೇ ಬೇರೆ. ಜನ ಏನಂತಾರೋ, ನನ್ನ ಹೆಸರಿಗೆ ಏನಾಗ್ತದೋ ಅನ್ನೋ ಭಯ. ಆ ಭಯಕ್ಕೆ ಪರಿಶುದ್ಧತೆ ಅಂತ ಹೆಸರಿಟ್ಟಿದ್ದೆ. ಸಭೆಗೆ ಶಿಸ್ತು ಬೇಕು ಪ್ರಿಯರೇ, ತುಕ್ಕಿಗೆ ಔಷಧಿ ಬೇಕೇ ಬೇಕು. ಆದ್ರೆ ಆ ಔಷಧಿ ಪ್ರೀತಿ ಇರಬೇಕಾದ ಜಾಗದಲ್ಲಿ ಹೋಗಿ ಸೇರಿದಾಗ, ಎಂಜಿನ್ ನಿಂತದ್ದು ನಂದು.

ನಾಳೆ ನೀನೇ ತುಂಬಬೇಕು

ಬಾಬ್ ಹೂವರ್ ಅಂತ ಅಮೆರಿಕದ ಒಬ್ಬ ಪೈಲಟ್. 1922ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದು, ಕೊನೆಗೆ ಅವರದ್ದೇ ಯುದ್ಧವಿಮಾನ ಹತ್ತಿ ತಪ್ಪಿಸಿಕೊಂಡು ಬಂದವನು. ಶ್ರೈಕ್ ಕಮಾಂಡರ್ ಅನ್ನೋ ಎರಡು ಎಂಜಿನ್ನಿನ ಸಣ್ಣ ವಿಮಾನದಲ್ಲಿ, ಎರಡೂ ಎಂಜಿನ್ ಆಫ್ ಮಾಡಿ ಕಸರತ್ತು ತೋರಿಸುವುದೇ ಅವನ ಪ್ರದರ್ಶನ.

ಒಮ್ಮೆ ಸ್ಯಾನ್ ಡಿಯೆಗೋದಲ್ಲಿ ಪ್ರದರ್ಶನ ಮುಗಿಸಿ, ಇಬ್ಬರನ್ನ ಕೂರಿಸಿಕೊಂಡು ವಾಪಸ್ ಹೊರಟ. ನೆಲ ಬಿಟ್ಟು ಸ್ವಲ್ಪ ಎತ್ತರಕ್ಕೇರುವಷ್ಟರಲ್ಲಿ ಎರಡೂ ಎಂಜಿನ್ ಶಕ್ತಿ ಕಳೆದುಕೊಂಡವು. ಈ ಸಲ ಆಫ್ ಮಾಡಿದ್ದು ಅವನಲ್ಲ. ಮೂಗು ತಗ್ಗಿಸಿ, ಸಿಕ್ಕ ಕಣಿವೆಯ ಇಳಿಜಾರಿನಲ್ಲಿ ವಿಮಾನ ಇಳಿಸಿದ. ವಿಮಾನ ಜಖಂ ಆಯ್ತು, ಮೂವರೂ ಬದುಕಿದರು. ನೋಡಿದ್ರೆ, ಏವ್‌ಗ್ಯಾಸ್ ಬದಲು ಜೆಟ್ ಇಂಧನ ತುಂಬಿತ್ತು. ಅದು ನಮ್ಮ ಸೀಮೆಎಣ್ಣೆ ಜಾತಿಯದು. ಜೆಟ್ ಎಂಜಿನ್ನಿಗೆ ಅದು ಆಹಾರ, ಪಿಸ್ಟನ್ ಎಂಜಿನ್ನಿಗೆ ವಿಷ. ನೋಡೋಕೆ ಅದೇ ಥರ ಇರುವ ಇನ್ನೊಂದು ಮಾದರಿ ಅಂದುಕೊಂಡು ಇಂಧನ ತುಂಬುವ ಹುಡುಗ ತಪ್ಪು ಮಾಡಿದ್ದ.

ಹೂವರ್ ವಾಪಸ್ ಬಂದಾಗ ಆ ಹುಡುಗ ಅಳ್ತಾ ನಿಂತಿದ್ದ. ಹೂವರ್ ಅವನ ಹೆಗಲ ಮೇಲೆ ಕೈ ಹಾಕಿ, ನೀನು ಇನ್ನೆಂದೂ ಈ ತಪ್ಪು ಮಾಡೋದಿಲ್ಲ ಅಂತ ನನಗೆ ಗೊತ್ತು, ನಾಳೆ ನನ್ನ ಇನ್ನೊಂದು ವಿಮಾನಕ್ಕೆ ನೀನೇ ಇಂಧನ ತುಂಬಬೇಕು ಅಂದನಂತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ಜೆಟ್ ಇಂಧನದ ಪೈಪಿನ ಬಾಯಿ ಅಗಲವಾಗಿ ಇರಬೇಕು, ಪಿಸ್ಟನ್ ವಿಮಾನದ ಟ್ಯಾಂಕಿನ ಬಾಯಿ ಕಿರಿದಾಗಿ ಇರಬೇಕು, ತಪ್ಪು ಮಾಡಬೇಕೆಂದರೂ ಒಳಗೆ ಹೋಗಬಾರದು ಅನ್ನೋ ವ್ಯವಸ್ಥೆ ಬಂತು. ಅದಕ್ಕೆ ಹೂವರ್ ನಾಝಲ್ ಅಂತಲೇ ಹೆಸರು. ಹುಡುಗನನ್ನ ತೆಗೆಯಲಿಲ್ಲ, ಪೈಪಿನ ಬಾಯಿ ಬದಲಾಯ್ತು. ಕ್ಷಮೆಯೂ ಇತ್ತು, ಎಚ್ಚರವೂ ಇತ್ತು.

ಯಾರಾದ್ರೂ ಕೇಳಬಹುದು, "ಆ ಹುಡುಗ ಮಾಡಿದ್ದು ತಪ್ಪು, ಕದ್ದದ್ದು ಪಾಪ ಅಲ್ವಾ ಪಾಸ್ಟರ್?" ಹೌದು, ಪಾಪವೇ. ಹಾಗಾದ್ರೆ ಪೇತ್ರನನ್ನ ನೋಡ್ರಿ. ಮೂರು ಸಲ ಗೊತ್ತಿದ್ದೂ ನಿರಾಕರಿಸಿದ. ಯೋಹಾನ 21ರಲ್ಲಿ ಪುನರುತ್ಥಾನ ಹೊಂದಿದ ಕರ್ತನು ಮೊದಲು ಅವನಿಗೆ ಊಟ ಹಾಕ್ತಾನೆ. ಆಮೇಲೆ ಮೂರು ಸಲ, ನನ್ನನ್ನ ಪ್ರೀತಿಸ್ತೀಯಾ ಅಂತ ಕೇಳ್ತಾನೆ. ಆ ಪ್ರಶ್ನೆ ತಳಕ್ಕೆ ಇಳಿಯುವ ಲೋಟ, ಪೇತ್ರನಿಗೆ ನೋವಾಯ್ತು ಅಂತ ಬರೆದಿದೆ. ಪ್ರತಿ ಸಲವೂ ಕೆಲಸ ವಾಪಸ್ ಕೊಡ್ತಾನೆ: ನನ್ನ ಕುರಿಗಳನ್ನ ನೋಡಿಕೋ. ಪಾಪವನ್ನ ಮುಚ್ಚಲಿಲ್ಲ, ಮನುಷ್ಯನನ್ನ ಎಸೆಯಲಿಲ್ಲ.

ಹೋದ ಗುರುವಾರ ಆ ತಮ್ಮನಿಗೆ ಫೋನ್ ಮಾಡಿದೆ. ಈಗ ಬೆಂಗಳೂರಿನಲ್ಲಿದ್ದಾನೆ. ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನೀವು ಫೋನ್ ಮಾಡ್ತೀರಂತ ಅಂದ್ಕೊಂಡಿರಲಿಲ್ಲ ಅಣ್ಣಾ" ಅಂದ. ಕ್ರಿಸ್‌ಮಸ್‌ಗೆ ಊರಿಗೆ ಬರ್ತಾನಂತೆ. ಆ ಭಾನುವಾರ ಕಾಣಿಕೆ ಎಣಿಸುವ ಮೇಜಿಗೆ ಅವನೇ ಕೂರ್ತಾನೆ. ಪಕ್ಕದಲ್ಲಿ ಇನ್ನೊಬ್ಬರು ಇರ್ತಾರೆ. ಇನ್ನು ಮುಂದೆ ಯಾರೇ ಎಣಿಸಿದ್ರೂ ಇಬ್ಬರೇ, ನಾನು ಎಣಿಸಿದ್ರೂ ಇಬ್ಬರೇ. ಯಾರಿಗಾದ್ರೂ ಇದು ಸರಿ ಅನ್ನಿಸದಿದ್ರೆ ಅವನು ಬರುವ ಮುಂಚೆ ನನ್ನ ಹತ್ರ ಮಾತಾಡ್ರಿ, ಅವನ ಮುಂದೆ ಬೇಡ.

ಬುಗ್ಗೆಗೆ ಉಪ್ಪು

ಕೊನೆಯದಾಗಿ ಯೆರಿಕೋ. ಊರಿನವರು ಎಲೀಷನ ಹತ್ರ ಬಂದು, ಊರೇನೋ ಒಳ್ಳೆ ಜಾಗದಲ್ಲಿದೆ, ನೀರೇ ಕೆಟ್ಟದ್ದು ಅಂತಾರೆ. ನಮ್ಮ ಮೆಕ್ಯಾನಿಕ್ ಹುಡುಗ ಹೇಳಿದ್ದೂ ಅದೇ ಅಲ್ವಾ? ಎಲೀಷ ಮನೆ ಮನೆಯ ಕೊಡಕ್ಕೆ ಉಪ್ಪು ಹಾಕಲಿಲ್ಲ. ಹೊಸ ಪಾತ್ರೆಯಲ್ಲಿ ಉಪ್ಪು ತೆಗೆದುಕೊಂಡು ನೀರಿನ ಬುಗ್ಗೆಯ ತನಕ ನಡೆದು ಹೋಗಿ ಅಲ್ಲಿ ಹಾಕಿದ. ದೇವರು ನೀರನ್ನ ವಾಸಿ ಮಾಡಿದ. ನಾವು ಕೊಡ ತೊಳೀತಾ ಇದ್ದೀವಿ. ಆ್ಯಪ್ ಡಿಲೀಟ್ ಮಾಡ್ತೀವಿ, ಮತ್ತೆ ಹಾಕ್ಕೊಳ್ತೀವಿ. ಯೇಸು ಸ್ವಾಮಿಯನ್ನ ಬುಗ್ಗೆಯ ತನಕ ಕರ್ಕೊಂಡು ಹೋಗ್ರಿ.

ಈ ರಾತ್ರಿ ಮೂರು ಕೆಲಸ ಮಾಡ್ರಿ. ಮಲಗುವ ಮುಂಚೆ ಕೀರ್ತನೆ 139ರ ಆ ಎರಡು ವಚನ ಪ್ರಾರ್ಥನೆಯಾಗಿ ಹೇಳಿ, ಹತ್ತು ನಿಮಿಷ ಸುಮ್ಮನೆ ಕೂತ್ಕೊಳ್ರಿ. ಕರ್ತನು ಏನು ತೋರಿಸಿದನೋ ಅದನ್ನ ನಂಬಿಕೆಯ ಒಬ್ಬ ಅಣ್ಣನಿಗೋ ಅಕ್ಕನಿಗೋ ಬಾಯಿಬಿಟ್ಟು ಹೇಳ್ರಿ. ಮತ್ತೆ, ನೀವು ಕೈಬಿಟ್ಟ ಒಬ್ಬರಿಗೆ ಫೋನ್ ಮಾಡ್ರಿ.

ಎಲ್ಲರೂ ಕಣ್ಣು ಮುಚ್ಚೋಣ. ಪರಲೋಕದ ತಂದೆಯೇ, ನಮ್ಮ ತಳ ನಿನಗೆ ಗೊತ್ತು. ನೆಲದ ಮೇಲಿರುವಾಗಲೇ ನಮ್ಮನ್ನ ಶೋಧಿಸು. ಆಗಲೇ ಬಿದ್ದವರಿಗೆ ಮೂಗು ತಗ್ಗಿಸುವ ಕೃಪೆ ಕೊಡು. ತಪ್ಪು ಮಾಡಿ ಅಳ್ತಾ ನಿಂತವರ ಹೆಗಲ ಮೇಲೆ ಹಾಕಲು ನಮಗೆ ನಿನ್ನ ಕೈ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.